ಇನ್ನೊಬ್ಬ ಎಸ್. ಪಾಟೀಲರ ಶಾಲು

ಕೊಲ್ಹಾಪುರದ ಎಸ್.ಟಿ. ಬಸ್ಸಿನಿಂದ ಗಡಹಿಂಗ್ಲಜದಲ್ಲಿ ಇಳಿದು ತಲೆ ಎತ್ತಿದರೆ, ಎದುರಿನ ಕಂಬಕ್ಕೆ ನನ್ನನ್ನೇ ಕಟ್ಟಿದ್ದರು. ಆಳೆತ್ತರದ ಫ್ಲೆಕ್ಸು. ಕಾಲೇಜಿನ ಗುರುತಿನ ಚೀಟಿಯ ನನ್ನ ಮುಖಕ್ಕೆ ಕೇಸರಿ ಫೇಟಾ, ಅಂದರೆ ಇಲ್ಲಿಯ ರುಮಾಲು, ಅಂಟಿಸಿದ್ದರು. ಕೆಳಗೆ ಮರಾಠಿಯಲ್ಲಿ ‘ಜಗತ್ಪ್ರಸಿದ್ಧ ಹವಾಮಾನ ಶಾಸ್ತ್ರಜ್ಞೆ ಎಸ್. ಪಾಟೀಲ’ ಎಂದೂ, ನಾನು ಕನಸಿನಲ್ಲೂ ಕಾಣದಷ್ಟು ದೊಡ್ಡ ಉಲ್ಲೇಖಗಳ ಸಂಖ್ಯೆಯೂ ಇತ್ತು. ಮೂಲೆಯಲ್ಲಿ ಕೈಮುಗಿದು ನಿಂತಿದ್ದವರು ನನ್ನ ಮನೆ ಮಾಲೀಕರಾದ ಅಣ್ಣಾಸಾಹೇಬರು.

ನಮ್ಮ ಕಲಬುರಗಿಯಲ್ಲಿ ಫ್ಲೆಕ್ಸು ಏರುವವರು ಬಹುತೇಕ ರಾಜಕಾರಣಿಗಳು. ಇಲ್ಲಿ ಹತ್ತನೇ ತರಗತಿ ಪಾಸಾದವರಿಗೂ ಉಂಟು, ಎತ್ತಿನ ಹುಟ್ಟುಹಬ್ಬಕ್ಕೂ ಉಂಟು. ಇಲ್ಲಿಯ ಕಾಲೇಜಿಗೆ ಸಂಖ್ಯಾಶಾಸ್ತ್ರ ಕಲಿಸಲು ಬಂದ ಹೊಸದರಲ್ಲಿ ಅದನ್ನೆಲ್ಲ ನೋಡಿ ನಕ್ಕಿದ್ದೆ. ಆಗ ನನಗೆ ಮನೆ ಸಿಕ್ಕಿರಲಿಲ್ಲ, ಮರಾಠಿ ಬರುತ್ತಿರಲಿಲ್ಲ. ಸಂಜೆಯಾದರೆ ಮಾತಾಡಲು ಯಾರೂ ಇರಲಿಲ್ಲ. ಅಣ್ಣಾಸಾಹೇಬರು ಅಡ್ಡಹೆಸರು ಕೇಳಿ, “ಪಾಟೀಲ್ರಾ? ಬರ್ರಿ ಒಳಗ” ಎಂದು ಮಹಡಿ ಕೊಟ್ಟರು. ಅವರ ಮನೆಯ ಮಾತು ಕನ್ನಡ, ಸಹಿ ಮರಾಠಿ. ಹಸಿಮೆಣಸಿನಕಾಯಿ ಕುಟ್ಟಿದ ಖರಡಾ ತಟ್ಟೆಗೆ ಬಿದ್ದ ದಿನ ಅರ್ಧ ನಮ್ಮೂರಿಗೇ ಬಂದಂತಾಗಿತ್ತು.

ಇನ್ನು ಉಲ್ಲೇಖದ ವಿಷಯ. ನಮ್ಮ ಪ್ರಬಂಧವನ್ನು ಬೇರೆ ಸಂಶೋಧಕರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ. ನಮ್ಮ ಮಾನ ಮರ್ಯಾದೆಯೆಲ್ಲ ಆ ಲೆಕ್ಕದ ಮೇಲೆ ನಿಂತಿದೆ. ಮುಂಗಾರಿಗೆ ಮೊದಲು ಗುಡುಗಿಕೊಂಡು ಬರುವ ಮಳೆಗೆ ಇಲ್ಲಿ ವಳೀವ ಎನ್ನುತ್ತಾರೆ. ಅದು ಎಲ್ಲಿ, ಯಾವಾಗ ಬಿದ್ದೀತೆಂಬ ಸಂಭವವನ್ನು ಲೆಕ್ಕ ಹಾಕುವುದು ನನ್ನ ಕೆಲಸ. ಅದನ್ನು ಉಲ್ಲೇಖಿಸಿದವರು ಕೆಲವರೇ, ಅವರಲ್ಲೂ ನನ್ನ ಗುರುಗಳ ಶಿಷ್ಯರೇ ಹೆಚ್ಚು.

ಮನೆಗೆ ಹೋಗಿ, ಹೆಸರು ನೋಡಿ ಪ್ರಬಂಧ, ಉಲ್ಲೇಖಗಳನ್ನು ತಾನೇ ಪಟ್ಟಿ ಮಾಡುವ ಅಂತರ್ಜಾಲದ ನನ್ನ ಪುಟ ತೆರೆದೆ. ಎಷ್ಟೋ ಕಾಲದಿಂದ ಅತ್ತ ನೋಡಿರಲಿಲ್ಲ. ಮೋಡದೊಳಗಿನ ಧೂಳಿನ ಬಗ್ಗೆ ಬರೆಯುವ ಇನ್ನೊಬ್ಬ ಎಸ್. ಪಾಟೀಲರ ಪ್ರಬಂಧಗಳೆಲ್ಲ ತಾವಾಗಿಯೇ ನನ್ನ ಹೆಸರಿಗೆ ಬಂದು ಕೂತಿದ್ದವು. ಅಣ್ಣಾಸಾಹೇಬರ ಮಗಳು ಅದನ್ನು ನೋಡಿ ಅಪ್ಪನಿಗೆ ಹೇಳಿದ್ದಳು.

ಹೇಳಿಬಿಡೋಣವೆಂದು ಕೆಳಗಿಳಿದೆ. ಅವರು ಫೋನಿನಲ್ಲಿದ್ದರು. “ನಾಳೆ ಸತ್ಕಾರ ಐತ್ರಿ, ಬರಾಕ ಬೇಕು. ನಮ್ಮ ಮಗಳಿದ್ದಂಗ ಅದಾರ ಅವರು.” ನನ್ನನ್ನು ಕಂಡು, “ಏನ್ರಿ ಮ್ಯಾಡಮ್?” ಎಂದರು.

“ನಳಕ್ಕ ನೀರು ಬಂದಾವೇನ್ರಿ?” ಎಂದು ಕೇಳಿ ವಾಪಸು ಬಂದೆ.

ಸತ್ಕಾರದಲ್ಲಿ ಶಾಲು, ತೆಂಗಿನಕಾಯಿ, ಈ ಸಲ ನಿಜವಾದ ಫೇಟಾ. ಭಾಷಣವೆಲ್ಲ ಮರಾಠಿಯಲ್ಲೇ. ಮೈಕು ಕೈಗೆ ಬಂದಾಗ, “ಹೇ ಮಾಝಂ ನಾಹೀ” ಎಂದೆ. ಇದು ನನ್ನದಲ್ಲ ಎಂದರ್ಥ. ಅಧ್ಯಕ್ಷರು, “ಕಿತೀ ನಮ್ರತಾ!” ಎಷ್ಟೊಂದು ವಿನಯ, ಎಂದು ಉದ್ಗರಿಸಿದರು. ಚಪ್ಪಾಳೆ ಬಿತ್ತು. ನನಗೆ ಬರುವ ಮರಾಠಿ ಇಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಕೂತುಬಿಟ್ಟೆ.

ಸಂಜೆ ಆ ಪ್ರಬಂಧಗಳನ್ನು ನನ್ನ ಪುಟದಿಂದ ತೆಗೆದುಹಾಕಿ, ಅಣ್ಣಾಸಾಹೇಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಮತ್ತ ಅಲ್ಲೇ ಹೇಳಬೇಕಿತ್ತಲ್ರಿ?”

“ಹೇಳಿದ್ನಿರಿ. ನನ್ನ ಮರಾಠಿ...”

“ಕುಂತವರೊಳಗ ಅರ್ಧಾ ಮಂದಿ ಮನಿಯಾಗ ಕನ್ನಡಾನ ಮಾತಾಡ್ತಾರ, ಮ್ಯಾಡಮ್. ಕನ್ನಡದಾಗ ಹೇಳಿದ್ರ ತಿಳೀತಿತ್ತು.”

ಅದು ನನಗೂ ಗೊತ್ತಿತ್ತು. ಈ ಊರು ಮೊದಲ ಸಲ ನನ್ನನ್ನು ತನ್ನವಳೆಂದು ಕೂರಿಸಿಕೊಂಡಿತ್ತು, ಎದ್ದು ಹೋಗಲು ಮನಸ್ಸಾಗಲಿಲ್ಲ.

ಮರುದಿನ ಅಣ್ಣಾಸಾಹೇಬರು ಸತ್ಕಾರಕ್ಕೆ ಬಂದವರಿಗೆಲ್ಲ ಫೋನು ಮಾಡುತ್ತಿದ್ದರು. “ನಂದ ಚೂಕ ಆಗೇತ್ರಿ. ಅವರದೇನೂ ಇಲ್ಲ.” ಚೂಕ ಎಂದರೆ ತಪ್ಪು. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ, ಕೆಳಗಿಳಿಯಲಿಲ್ಲ.

ಈಗ ಆ ಫ್ಲೆಕ್ಸು ಅವರ ಎಮ್ಮೆಯ ಮೇವಿನ ಬಣವೆಗೆ ಹೊದಿಕೆ. ನಿನ್ನೆ ವಳೀವ ಬಂತು. ಕಿಟಕಿಯಿಂದ ನೋಡಿದರೆ ಫೇಟಾ ಸುತ್ತಿದ ನನ್ನ ಮುಖ ತೊಯ್ಯುತ್ತಿತ್ತು, ಅಡಿಯ ಮೇವು ನೆನೆಯದೆ ಉಳಿದಿತ್ತು. ಅಷ್ಟರಲ್ಲಿ ಕಲಬುರಗಿಯಿಂದ ಅವ್ವ ಫೋನು ಮಾಡಿದಳು. ಫ್ಲೆಕ್ಸಿನ ಫೋಟೊ ಅವಳಿಗೂ ತಲುಪಿದೆ, ಕಟ್ಟು ಹಾಕಿಸಿದ್ದಾಳೆ. “ನಮ್ಮೂರಾಗ ಯಾರರ ನಿನಗ ಹಿಂಗ ಮಾಡಿದ್ರೇನು? ಅಲ್ಲೇ ಇರು ಮಗಳೇ” ಎಂದಳು.

ಅದು ನನ್ನದಲ್ಲ ಎನ್ನದೆ, ಹೂಂ ಎಂದೆ. ಅವಳ ಮುಂದೆ ಮರಾಠಿ ಬಾರದೆಂಬ ನೆಪವೂ ನನಗಿರಲಿಲ್ಲ.