ತೀನ್ ಅನ್ನುವುದರೊಳಗೆ

ಗಂಗಾಬಾಯಿ ಅಕ್ಕಾರು ಸೂಜಿ ಚುಚ್ಚುವಾಗ ಮರಾಠಿಯಲ್ಲಿ ಎಣಿಸುತ್ತಿದ್ದರು. "ಏಕ್, ದೋನ್..." ತೀನ್ ಅನ್ನುವುದರೊಳಗೆ ಸೂಜಿ ಹೊರಗೆ ಬಂದಿರುತ್ತಿತ್ತು. ಉಮದಿಯ ದವಾಖಾನೆಗೆ ಡಾಕ್ಟರು ಬಂದರೂ ಬಾರದಿದ್ದರೂ ಈ ನರ್ಸಬಾಯಿ ಇದ್ದೇ ಇರುತ್ತಿದ್ದರು. ಎಂಥ ಒಣಕಲು ಮುದುಕಿಯ ಕೈಯಲ್ಲೂ ಅವರಿಗೆ ನರ ಸಿಗುತ್ತಿತ್ತು. ಎರಡನೇ ಸಲ ಚುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಕುರಿ ಕಾಯುವ ಗಟ್ಟಿ ಗಂಡಸರು ಹೆದರಿ ಕಣ್ಣು ಮುಚ್ಚಿದರೆ, "ಹಂಗಾರ ಇಷ್ಟ ದೊಡ್ಡ ಮೀಸಿ ಯಾಕ ಬಿಟ್ಟೀರಿ?" ಎಂದು ನಗುತ್ತಿದ್ದರು.

ನನ್ನ ಇಬ್ಬರು ಗಂಡುಮಕ್ಕಳು ರಕ್ತ ನಿಲ್ಲದೆ ಸತ್ತರು. ದೊಡ್ಡವನು ನಾಲಗೆ ಕಚ್ಚಿಕೊಂಡು, ಸಣ್ಣವನು ಕಿವಿ ಚುಚ್ಚಿಸಿದ ಮೂರನೇ ದಿನ. ಸೋನ್ಯಾಳದ ನನ್ನ ಗಂಡನ ಮನೆಯವರು ದೇವರ ಕಾಟ ಅಂದರು. ಅಕ್ಕಾರು ಮಾತ್ರ ನನ್ನ ತವರಿನ ಸುದ್ದಿ ಕೇಳಿದರು. ನನ್ನ ಸೋದರಮಾವಂದಿರಿಬ್ಬರೂ ಸಣ್ಣವರಿದ್ದಾಗ ಹಾಗೆಯೇ ಹೋಗಿದ್ದರು.

"ಇದು ದೇವರದಲ್ಲ ತಂಗಿ, ರಕ್ತದ್ದು. ಹೆಣ್ಣಮಕ್ಕಳ ಕಡಿಂದ ಬರತೈತಿ, ಗಂಡಹುಡುಗರನ್ನ ಒಯ್ಯತೈತಿ" ಎಂದರು.

ಎಪ್ಪತ್ತರ ದಶಕದ ಕೊನೆಗೆ ನಾನು ಮತ್ತೆ ಬಸುರಾದಾಗ, ರಜೆ ಹಾಕಿ ನನ್ನನ್ನು ಮುಂಬಯಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ರೋಗ ಇದೆಯೋ ಇಲ್ಲವೋ ತಿಳಿಯಬೇಕಾದರೆ ಹೊಟ್ಟೆಯೊಳಗಿನ ಕೂಸಿನದೇ ರಕ್ತ ತೆಗೆಯಬೇಕು. ಪರದೇಶದಲ್ಲಿ ಅದು ಈಗೀಗ ಶುರುವಾಗಿದೆ, ಅಲ್ಲೂ ಕೂಸು ಉಳಿಯುವ ಖಾತ್ರಿ ಇಲ್ಲ. ಇಲ್ಲಿ ಹೊಟ್ಟೆಗೆ ಸೂಜಿ ಹಾಕಿ ಕೂಸಿನ ಸುತ್ತಲಿನ ನೀರು ತೆಗೆದು ಗಂಡೋ ಹೆಣ್ಣೋ ಅಷ್ಟೇ ಹೇಳಬಹುದು. ಗಂಡಾದರೆ ರೋಗ ಬರಲೂಬಹುದು, ಬಾರದಿರಲೂಬಹುದು. ಇಟ್ಟುಕೊಳ್ಳುವುದೋ ಬಿಡುವುದೋ ನೀವೇ ನೋಡಿ. ಈ ಸೂಜಿಯಿಂದಲೂ ಗರ್ಭ ಇಳಿಯಬಹುದು. ನಾನು ಅಕ್ಕಾರ ಮುಖ ನೋಡಿದೆ.

"ಏನೂ ಆಗಂಗಿಲ್ಲ. ನಾ ಅದೀನಿ" ಅಂದರು.

ಡಾಕ್ಟರು ಹೊಟ್ಟೆಗೆ ಸೂಜಿ ಚುಚ್ಚಿದಾಗ ಅಕ್ಕಾರು ನನ್ನ ಕೈ ಹಿಡಿದು ಎಣಿಸತೊಡಗಿದರು. ತೀನ್ ಆಯಿತು, ದಹಾ ಆಯಿತು, ಸೂಜಿ ಹೊರಗೆ ಬರಲಿಲ್ಲ. ಎಣಿಕೆ ಇಪ್ಪತ್ತು ದಾಟಿದ ಮೇಲೆ ಸಿರಿಂಜಿನಲ್ಲಿ ಕೆಂಪು ಕಂಡಿತು. ಅಕ್ಕಾರ ಎಣಿಕೆ ಅಲ್ಲಿಗೇ ನಿಂತಿತು. ಇದು ಕೂಸಿನ ರಕ್ತವಾದರೆ ಇದನ್ನೇ ಪರೀಕ್ಷೆ ಮಾಡಿ ಎಂದು ಮರಾಠಿಯಲ್ಲಿ ಡಾಕ್ಟರಿಗೆ ಅಂಗಲಾಚಿದರು. ತಾಯಿಯದೋ ಕೂಸಿನದೋ ಹೇಳಲಾಗದು, ರೋಗ ನೋಡುವ ಸಾಧನವೂ ನಮ್ಮಲ್ಲಿಲ್ಲ ಎಂದು ಅವರು ಅದನ್ನು ಚೆಲ್ಲಿಸಿದರು.

ಮೂರನೇ ದಿನ ಗರ್ಭ ಇಳಿಯಿತು. ಗಂಡುಕೂಸು. ಅದರ ರಕ್ತ ಒಳ್ಳೆಯದಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಮತ್ತೆ ನನಗೆ ಬಸಿರು ನಿಲ್ಲಲಿಲ್ಲ. ಅಕ್ಕಾರ ಮೇಲೆ ನನಗೆ ಸಿಟ್ಟಿತ್ತು. ಅವರನ್ನು ಬಿಟ್ಟರೆ ನನ್ನ ದುಃಖ ಕೇಳುವವರು ಬೇರೆ ಯಾರೂ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಊರಿಗೆ ಬಂದ ಮೇಲೆ ಅವರು ಎಣಿಸುವುದನ್ನು ಬಿಟ್ಟರು. "ಏನೂ ಆಗಂಗಿಲ್ಲ" ಅನ್ನುವುದನ್ನೂ ಬಿಟ್ಟರು. ಸುಮ್ಮನೆ ಚುಚ್ಚುತ್ತಿದ್ದರು, ಮಕ್ಕಳು ಅಳುತ್ತಿದ್ದವು.

ಮರುವರ್ಷ ಕಾಮಾಲೆಯಾಗಿ ಅದೇ ದವಾಖಾನೆಯಲ್ಲಿ ಮಲಗಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಹೊಸ ನರ್ಸು ನರ ಸಿಗದೆ ಎರಡು ಸಲ ಚುಚ್ಚಿದ್ದಳು. ಮೂರನೇ ಸಲ ಸೂಜಿ ಎತ್ತಿದಾಗ ನಾನು ಅಕ್ಕಾರ ಕೈ ಹಿಡಿದುಕೊಂಡು, "ಏಕ್..." ಅಂದೆ.

"ಎಣಸಬ್ಯಾಡ ತಂಗಿ" ಅಂದರು. "ಅವತ್ತಿನ ಎಣಿಕಿ ಇನ್ನೂ ಮುಗದಿಲ್ಲ."