ಕಿಂಗ್ಸ್‌ಬರಿಯ ಗೋಡೆಯ ಮೇಲೆ ನನ್ನ ಯೂನಿಫಾರ್ಮ್

ಹೀಥ್ರೂದಲ್ಲಿ ವಿಮಾನ ಇಳಿದಾಗ ಗುರುವಾರ ಮಧ್ಯಾಹ್ನ ಒಂದೂವರೆ. ಧಾರವಾಡದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಹತ್ತೂವರೆ ತಾಸಿನ ವಿಮಾನ. ಎರಡೂ ಮೊಣಕಾಲು ಕಟ್ಟಿಗೆಯಾಗಿದ್ದವು. ಮಾರ್ಚ್ ತಿಂಗಳಾದರೂ ಹೊರಗೆ ಎಂಟೇ ಡಿಗ್ರಿ. ತಂಗಿ ವೀಣಾ ಓಡಿ ಬಂದು ತಬ್ಬಿಕೊಂಡಳು. "ಹೂವು ಅರಳೋ ಕಾಲ ಅಕ್ಕ, ಬಂದು ನೋಡಿಕೊಂಡು ಹೋಗು" ಎಂದು ಟಿಕೆಟ್ ಕಳಿಸಿದವಳು ಅವಳೇ. ಅವಳು ಲಂಡನ್ನಿಗೆ ಬಂದು ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷ ನನಗಾಗಿ ಅರಳದ ಹೂವು ಈ ಸಲವೇ ಯಾಕೆ ಅರಳಿತು ಎಂದು ನಾನು ಕೇಳಬೇಕಿತ್ತು. ಬಿಟ್ಟಿ ಟಿಕೆಟ್ಟಿನ ಎದುರು ಬುದ್ಧಿ ಸ್ವಲ್ಪ ಮಂಕಾಗುತ್ತದೆ.

ಕಿಂಗ್ಸ್‌ಬರಿಯ ಅವರ ಮನೆಗೆ ಕಾರಿನಲ್ಲಿ ಒಂದು ತಾಸು ಹಿಡಿಯಿತು. ಟ್ಯೂಬ್ ಎನ್ನುವ ನೆಲದಡಿಯ ರೈಲಿನ ಸ್ಟೇಷನ್ ಪಕ್ಕದ ಅಂಗಡಿ ಸಾಲಿನಲ್ಲಿ ಮೆಂತ್ಯಪಲ್ಲೆ, ಹಾಗಲಕಾಯಿ, ಸೀರೆ ಎಲ್ಲವೂ ಮಾರಾಟಕ್ಕಿದ್ದವು. ಮನೆಯೊಳಗೆ ಕಾಲಿಟ್ಟರೆ ಟಿವಿಯ ಮೇಲ್ಗಡೆ ನಾನೇ ಇದ್ದೆ. ಮಿಲಿಟರಿ ಆಸ್ಪತ್ರೆಯ ನರ್ಸ್ ಆಗಿ ಯೂನಿಫಾರ್ಮ್ ತೊಟ್ಟ ಇಪ್ಪತ್ತೆರಡರ ಪ್ರಾಯದ ನಾನು, ಬಾಗಿಲಿನಷ್ಟು ದೊಡ್ಡ ಫೋಟೋ ಚೌಕಟ್ಟಿನೊಳಗೆ. ಹಾರವೊಂದು ಹಾಕಿರಲಿಲ್ಲ, ಅಷ್ಟೇ. ಸಂಜೆ ಪಕ್ಕದ ಮನೆಯ ಮಂಗಳೂರಿನ ಹೆಂಗಸು ನನ್ನನ್ನು ನೋಡಲೆಂದೇ ಬಂದರು. "ವೀಣಾ ಯಾವಾಗಲೂ ಹೇಳ್ತಾರೆ, ಅಕ್ಕ ಮೂವತ್ತು ವರ್ಷ ಮಿಲಿಟರಿಯಲ್ಲಿದ್ರು ಅಂತ. ಎಷ್ಟು ಹೆಮ್ಮೆ ಅಲ್ವಾ!" ಎಂದರು. ವೀಣಾಳ ಮುಖ ಅರಳಿತು. ಅವಳ ಒಬ್ಬಳೇ ಮಗಳು ಅನಘಾ ಮಾತ್ರ ಮೂಲೆಯಲ್ಲಿ ಕೂತು ಒಮ್ಮೆ ಫೋಟೋವನ್ನು, ಒಮ್ಮೆ ತಾಯಿಯನ್ನು ನೋಡುತ್ತಿದ್ದಳು.

ನನ್ನನ್ನು ಕರೆಸಿದ ಕಾರಣ ಮರುದಿನ ಬೆಳಿಗ್ಗೆ ಚಹಾದ ಜೊತೆ ಬಂತು. ಅನಘಾ ಶಾಲೆಗೆ ಹೋದೊಡನೆ ವೀಣಾ ಒಂದು ಕಾಗದವನ್ನು ಮೇಜಿನ ಮೇಲಿಟ್ಟಳು. ಅನಘಾ ಇಲ್ಲಿನ ಬ್ರಿಟಿಷ್ ಸೇನೆಯ ರಿಸರ್ವ್ ಸೇರಬೇಕೆಂದು ಹಟ ಹಿಡಿದಿದ್ದಳು. ರಿಸರ್ವ್ ಎಂದರೆ ವಾರವೆಲ್ಲ ಓದು, ಕೆಲಸ, ವಾರಾಂತ್ಯಕ್ಕೆ ಸಿಪಾಯಿ, ಕರೆ ಬಂದರೆ ಯುದ್ಧ. ಅವಳಿನ್ನೂ ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ, ಹದಿನೆಂಟು ತುಂಬುವುದು ಜೂನ್‌ನಲ್ಲಿ. ಅದಕ್ಕೆ ಮುಂಚೆ ಅರ್ಜಿ ಹಾಕಲು ತಂದೆಯೋ ತಾಯಿಯೋ ಒಪ್ಪಿ ಸಹಿ ಹಾಕಬೇಕು.

"ನೀ ಎಲ್ಲಾ ಕಣ್ಣಾರೆ ಕಂಡಾಕಿ. ಕೈಕಾಲು ಹೋದವರ ಕಥಿ ಹೇಳು. ಅಂಜಿ ಸುಮ್ಮನಾಗ್ತಾಳ" ಎಂದಳು ವೀಣಾ.

ಅವಳ ಗಂಡ ಶ್ರೀಧರ ದನಿಗೂಡಿಸಿದ. "ಹೌದ್ರಿ ಅಕ್ಕಾರ, ನೀವು ಹೇಳಿದ್ರ ಆಕೀಗೆ ವೇದವಾಕ್ಯ."

ನನ್ನ ಮೈಯೆಲ್ಲ ಉರಿಯಿತು. ಹೊಲಕ್ಕೆ ಬೆದರುಬೊಂಬೆ ಬೇಕಾಗಿತ್ತು, ಧಾರವಾಡದಿಂದ ತರಿಸಿಕೊಂಡಿದ್ದರು. "ಬಂದ ಮಂದಿಗೆಲ್ಲಾ ತೋರಿಸಿ ಮೆರೀಲಿಕ್ಕೆ ನನ್ನ ಯೂನಿಫಾರ್ಮ್ ಬೇಕು. ಮಗಳು ಹಾಕ್ಕೋತೀನಿ ಅಂದ್ರ ಬ್ಯಾಡ. ಹುಟ್ಟಿದಾಗಿಂದ ಆ ಕೂಸಿಗೆ ಆ ಫೋಟೋ ತೋರಿಸಿದಾಕಿ ಯಾರ?" ಎಂದೆ. ವೀಣಾ ಕಣ್ಣೊರೆಸಿಕೊಂಡಳು. ಅವಳು ಅತ್ತರೆ ನನ್ನ ಸಿಟ್ಟು ಇಳಿಯುತ್ತದೆಂದು ಚಿಕ್ಕಂದಿನಿಂದ ಅವಳಿಗೆ ಗೊತ್ತು. ಈ ಸಲ ಇಳಿಯಲಿಲ್ಲ.

ನಾನು ಅರ್ಜಿ ಹಾಕಿದ್ದೂ ಹದಿನೇಳರಲ್ಲೇ, ಪಿಯುಸಿ ಪರೀಕ್ಷೆಗೆ ಮುಂಚೆ, ಮನೆಯಲ್ಲಿ ಯಾರಿಗೂ ಹೇಳದೆ. ದೇಶಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನಾದ ಒಬ್ಬ ವರ ಗೊತ್ತಾಗಿದ್ದ. ಆಯ್ಕೆಯಾದಮೇಲೆ, ಇಷ್ಟು ವರ್ಷ ಸೇವೆ ಬಿಡುವಂತಿಲ್ಲ ಎಂಬ ಬಾಂಡಿಗೆ ಸಹಿ ಮಾಡುವಾಗ ಅಪ್ಪ ನನ್ನ ಮುಖ ನೋಡಲಿಲ್ಲ. ನಾಲ್ಕು ವರ್ಷ ನನ್ನ ಹೆಸರೆತ್ತದ ಮನೆಯವರು ಈ ಫೋಟೋ ಬಂದಮೇಲೆ ಹೆಮ್ಮೆಪಡಲು ಶುರುಮಾಡಿದರು.

ಶನಿವಾರ ಅನಘಾಳ ಜೊತೆ ಆ ರಿಸರ್ವ್ ಕೇಂದ್ರ ನೋಡಲು ಹೊರಟೆ. ಹೆದರಿಸುವುದಾದರೂ ಯಾವುದಕ್ಕೆ ಎಂದು ಮೊದಲು ನೋಡಬೇಡವೆ? ಟ್ಯೂಬಿನ ಜುಬಿಲಿ ಲೈನಿನಲ್ಲಿ ಬೇಕರ್ ಸ್ಟ್ರೀಟಿಗೆ ಅರ್ಧ ತಾಸು, ಮೂರು ಪೌಂಡಿನ ಮೇಲಾಯಿತು. ಅಲ್ಲಿಂದ ಬಸ್ಸು, ಒಂದೂಮುಕ್ಕಾಲು ಪೌಂಡ್. ಜಿಟಿಜಿಟಿ ಮಳೆ ಹಿಡಿದಿತ್ತು. ಅನಘಾಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಮ್ಮ ನಿನ್ನನ್ನು ಯಾಕೆ ಕರೆಸಿದ್ದಾಳೆ ಅಂತ ನನಗೆ ಗೊತ್ತು ದೊಡ್ಡಮ್ಮ. ಕಥೆ ಯಾವಾಗ ಶುರು?" ಎಂದಳು. ಹುಡುಗಿ ಜಾಣೆ.

ಕೇಂದ್ರದಲ್ಲಿ ಕಾಫಿ, ಬಿಸ್ಕತ್ತು, ಮಿರುಗುವ ಕಾಗದದ ಪುಸ್ತಿಕೆಗಳಿದ್ದವು. ಬೆಟ್ಟ ಹತ್ತುವವರ, ಹಿಮದಲ್ಲಿ ಜಾರುವವರ ಚಿತ್ರಗಳು. ಎಲ್ಲರೂ ನಗುತ್ತಿದ್ದರು. ಸುತ್ತಲೂ ಅನಘಾಳ ಪ್ರಾಯದ ಹತ್ತಾರು ಮಕ್ಕಳು. ಒಬ್ಬನ ಗಲ್ಲದ ಮೇಲೆ ಮೊಡವೆ ಇನ್ನೂ ಮಾಗಿರಲಿಲ್ಲ. ಸಾರ್ಜೆಂಟ್ ಒಬ್ಬ ವಾರಕ್ಕೊಂದು ಸಂಜೆ, ತಿಂಗಳಿಗೊಂದು ವಾರಾಂತ್ಯ, ಆ ದಿನದ ಸಂಬಳ, ಹೊಸ ಗೆಳೆಯರು ಎಂದೆಲ್ಲ ವಿವರಿಸಿದ. ಸಭ್ಯ ಮನುಷ್ಯ. ಯುದ್ಧಕ್ಕೆ ಕರೆದರೆ ಎಂದು ಕೇಳಿದೆ. "ಅದು ಬಹಳ ಅಪರೂಪ, ಮೇಡಂ" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದ. ಬಿಸ್ಕತ್ತು ಚೆನ್ನಾಗಿತ್ತು, ಅದು ಬೇರೆ ಮಾತು. ಗಾಯ ಎಂಬ ಪದ ಒಂದು ತಾಸಿನಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಇದೇ ಹುಡುಗಿ ಅಂಗಡಿಗೆ ಹೋಗಿ ಒಂದು ಬಾಟಲಿ ಬಿಯರ್ ಕೇಳಿದರೆ ವಯಸ್ಸಿನ ಗುರುತು ತೋರಿಸು ಎಂದು ವಾಪಸು ಕಳಿಸುತ್ತಾರೆ. ಬಂದೂಕಿನ ಅರ್ಜಿಗೆ ಅಮ್ಮನ ಸಹಿ ಇದ್ದರೆ ಸಾಕು. ಯಾವ ಊರಿನ ನ್ಯಾಯವಿದು?

ಹೊರಗೆ ಬಸ್ ಸ್ಟಾಪಿನ ಬೆಂಚಿನಲ್ಲಿ ಚಿಪ್ಸ್ ತಿನ್ನುತ್ತ ಕೂತೆವು. ಯಾಕೆ ಸೇರಬೇಕು ನಿನಗೆ ಎಂದು ಕೇಳಿದೆ. "ನಾನು ಹುಟ್ಟಿದ್ದು ಇಲ್ಲೇ. ಆದರೂ ಎಲ್ಲರೂ ನಿಜವಾಗಿ ನೀನು ಎಲ್ಲಿಯವಳು ಅಂತ ಕೇಳುತ್ತಾರೆ. ಆ ಯೂನಿಫಾರ್ಮ್ ಹಾಕಿಕೊಂಡರೆ ಯಾರೂ ಕೇಳೋದಿಲ್ಲ" ಎಂದಳು.

ಆಗ ಬಂದ ಸಿಟ್ಟು ಅವಳ ಮೇಲಿನದಲ್ಲ. "ಹುಟ್ಟಿದ ಊರಾಗ ಹುಟ್ಟೀನಿ ಅಂತ ಸಾಬೀತು ಮಾಡ್ಲಿಕ್ಕೆ ಜೀವ ಒತ್ತಿ ಇಡಬೇಕೇನ? ಕೇಳಿದವರ ನಾಲಿಗಿ ಸೇದಿಹೋಗಲಿ" ಎಂದೆ. ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ.

ಆಮೇಲೆ ನಾನೂ ನಿಜ ಹೇಳಬೇಕಾಯಿತು. ನನ್ನ ವಾರ್ಡಿನಲ್ಲಿ ಹದಿನೆಂಟು ದಾಟಿದ ಒಬ್ಬ ಸಿಪಾಯಿ ಇದ್ದ, ಎರಡೂ ಕೈ ಮಣಿಕಟ್ಟಿನವರೆಗೆ ಹೋಗಿದ್ದವು. ತಾಯಿಗೆ ಪತ್ರ ಬರೆದುಕೊಡಿ ಎಂದ. ಸ್ವಲ್ಪ ಜ್ವರ, ಅಷ್ಟೇ ಎಂದು ಬರೆಸಿದ. ಅಕ್ಷರ ಬೇರೆ ಇದೆಯಲ್ಲ ಎಂದು ಅವರು ಕೇಳಿದರೆ? ಎಂದೆ. ಯೋಚಿಸಿ, ನಕ್ಕು, "ನನ್ನ ಅಕ್ಷರ ಸುಧಾರಿಸಿದೆ ಅಂತ ಬರೀರಿ ಸಿಸ್ಟರ್" ಎಂದ. ದುಂಡಗೆ ಬರೆದೆ. ಅಂಥ ನಾಲ್ಕು ಪತ್ರ ಬರೆದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮನೆಗೆ ಫೋಟೋ ಕಳಿಸಿದೆ. ವಾರ್ಡಿನ ಒಂದು ಮಾತನ್ನೂ ಬರೆಯಲಿಲ್ಲ. ವೀಣಾಳಿಗೆ ಬೈದವಳು ನನಗೂ ಬೈದುಕೊಳ್ಳಬೇಕಿತ್ತು.

ಅನಘಾ ಚಿಪ್ಸಿನ ಪೊಟ್ಟಣವನ್ನು ಮಡಿಚಿ ಮಡಿಚಿ ಚಿಕ್ಕದು ಮಾಡಿದಳು. "ಈಗಾದರೆ ಮತ್ತೆ ಸೇರುತ್ತಿದ್ದೆಯಾ?" ಎಂದಳು.

"ಸೇರ್ತಿದ್ದೆ. ಆ ಪತ್ರ ಮಾತ್ರ ಬರೀತಿರಲಿಲ್ಲ."

ಮನೆಗೆ ಬಂದಾಗ ವೀಣಾ ಬಾಗಿಲಲ್ಲೇ ನಿಂತಿದ್ದಳು. "ಹೇಳಿದಿ?" ಎಂದಳು. ಎಲ್ಲಾ ಹೇಳಿದೆ, ನಾನು ಮತ್ತೆ ಸೇರುತ್ತಿದ್ದೆ ಅಂತಲೂ ಹೇಳಿದೆ ಎಂದಾಗ ಅವಳು ಹೊಸ್ತಿಲ ಮೇಲೇ ಕೂತಳು. "ಸಹಿ ಮಾಡಬ್ಯಾಡ" ಎಂದೆ ನಾನು. "ಆಕಿ ಜೀವಕ್ಕ ನೀ ಯಾಕ ಸಹಿ ಮಾಡ್ತಿ? ಜೂನ್‌ದಾಗ ಹದಿನೆಂಟು ತುಂಬ್ತದ, ಅವಾಗ ಬೇಕಂದ್ರ ಆಕೀನೇ ಮಾಡ್ಲಿ. ಆದ್ರ ಅಲ್ಲೀತನಕ ಆ ಫೋಟೋ ಗೋಡಿ ಮ್ಯಾಲ ಇರಬಾರದು." ಮಂದಿ ಏನಂತಾರ ಎಂದು ವೀಣಾ ಶುರು ಮಾಡಿದಳು. ನಾನು ಒಳಗೆ ಹೋದೆ. ಆಮೇಲಿನ ಹತ್ತು ದಿನ ಹೂವು ನೋಡಿದೆವು. ಹೂವು ನಿಜಕ್ಕೂ ಅರಳಿದ್ದವು.

ಹೊರಡುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಟಿವಿಯ ಮೇಲ್ಗಡೆ ಬರೀ ಮೊಳೆ ಇತ್ತು. ವೀಣಾ ರೊಟ್ಟಿ ಕಟ್ಟಿಕೊಟ್ಟಳು. ಅನಘಾ ಶಾಲೆಗೆ ಹೊರಡುವಾಗ ನನ್ನ ಕಾಲಿಗೆ ಬಿದ್ದು ಓಡಿದಳು.

ಧಾರವಾಡಕ್ಕೆ ಬಂದು ಪೆಟ್ಟಿಗೆ ಬಿಚ್ಚಿದಾಗ ಸ್ವೆಟರಿನ ಮಡಿಕೆಯಲ್ಲಿ ನೋಟುಪುಸ್ತಕದ ಒಂದು ಹಾಳೆ ಸಿಕ್ಕಿತು. ಅನಘಾ ಭಾನುವಾರದ ಕನ್ನಡ ಕ್ಲಾಸಿಗೆ ಹೋಗಿದ್ದು ಹತ್ತು ವರ್ಷ ತುಂಬುವವರೆಗೆ ಮಾತ್ರ. ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ವಾಲಿತ್ತು, ಓದಲು ಕಾಲು ತಾಸು ಬೇಕಾಯಿತು. "ದೊಡ್ಡಮ್ಮ, ಜೂನ್‌ದಾಗ ಸಹಿ ಮಾಡ್ತೀನೋ ಇಲ್ಲೋ ಇನ್ನೂ ಗೊತ್ತಿಲ್ಲ. ಆದ್ರ ಎಲ್ಲೇ ಇದ್ರೂ ನಿನಗ ಖರೇನೇ ಬರೀತೀನಿ. ನನ್ನ ಅಕ್ಷರ ಸುಧಾರಿಸಿಲ್ಲ."

ಅಷ್ಟು ಕೆಟ್ಟ ಅಕ್ಷರವನ್ನು ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ. ಎರಡು ಸಲ ಓದಿದೆ, ಮೂರನೆಯ ಸಲಕ್ಕೆ ಕಣ್ಣು ಮಂಜಾಯಿತು. ಜೂನ್ ಬರಲು ಇನ್ನೂ ಹತ್ತು ವಾರ ಇದೆ.