ಕೆಡಿಸಿ ಕಲಿಸಿದ ಆಟ

ಸುವರ್ಣಾಳ ಆಟವನ್ನು ಕೆಡಿಸಿದವಳು ನಾನು. ಅರಿಯದೆ ಕೆಡಿಸಿದ್ದಲ್ಲ. ಗೊತ್ತಿದ್ದೂ, ನಗುನಗುತ್ತಲೇ, ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಕೆಡಿಸಿದೆ. ಎಷ್ಟೋ ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗ ವಿಜಯಪುರದಲ್ಲಿ ಗಾಲ್ಫ್ ಕಲಿಯಬೇಕೆಂಬ ಆಸೆಯುಳ್ಳವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಕೋಲು ಕೊಳ್ಳಬೇಕು, ಹೇಗೆ ಹಿಡಿಯಬೇಕು, ದಿನಾ ಎಷ್ಟು ಹೊಡೆಯಬೇಕು ಎಂದು ಕೇಳುತ್ತಾರೆ. ಉತ್ತರ ಹೇಳಲು ಬಾಯಿ ತೆರೆದಾಗಲೆಲ್ಲ ಸುವರ್ಣಾ ನೆನಪಾಗುತ್ತಾಳೆ. ಇವರು ನನ್ನನ್ನು ನಂಬುತ್ತಿದ್ದಾರಲ್ಲ — ಅವಳೂ ಹೀಗೇ ನಂಬಿದ್ದಳು.

ನಮ್ಮ ಮನೆಯವರು ಸೈನ್ಯದಲ್ಲಿದ್ದರು. ಊರೂರು ದಂಡುಪ್ರದೇಶ ಸುತ್ತುವಾಗ ಅವರ ಜೊತೆ ನಾನೂ ಗಾಲ್ಫ್ ಕಲಿತೆ. ಅವರು ನಿವೃತ್ತರಾದ ಮೇಲೆ ವಿಜಯಪುರಕ್ಕೆ ಮರಳಿದೆವು. ಅರಕೇರಿ ಹತ್ತಿರ ಅವರ ಪಾಲಿಗೆ ಬಂದ ಗರಸಿನ ಹೊಲವೊಂದಿತ್ತು. ಜೋಳವೂ ಬೆಳೆಯದ ಕಲ್ಲುನೆಲ. ಅಲ್ಲಿ ಜಾಲಿ ಕಡಿಸಿ, ಆರು ಕುಳಿ ತೋಡಿಸಿ, ಚೆಂಡು ಸಮನಾಗಿ ಉರುಳಲೆಂದು ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿ, ಒಂದು ಮೈದಾನ ಮಾಡಿದರು. ಹುಲ್ಲು ಎಂಬುದು ಮಳೆಗಾಲದಲ್ಲಿ ಮಾತ್ರ. ನಿವೃತ್ತ ಡಾಕ್ಟರು, ವಕೀಲರು, ಒಬ್ಬಿಬ್ಬರು ವ್ಯಾಪಾರಿಗಳು ಬರತೊಡಗಿದರು. ಹೆಂಗಸು ಎಂದರೆ ನಾನೊಬ್ಬಳೇ. ವರ್ಷಕ್ಕೊಮ್ಮೆ ದೂರದ ಊರಿನ ಕ್ಲಬ್ಬೊಂದು ಹವ್ಯಾಸಿ ಹೆಂಗಸರ ಪಂದ್ಯ ನಡೆಸುತ್ತಿತ್ತು. ವಿಜಯಪುರದಿಂದ ಹೋಗುತ್ತಿದ್ದವಳು ನಾನೊಬ್ಬಳೇ. ಗೆಲ್ಲುತ್ತಿರಲಿಲ್ಲ. ಆದರೆ 'ವಿಜಯಪುರದಾಕೆ' ಎಂದು ಅಲ್ಲಿ ಎಲ್ಲರೂ ಗುರುತಿಸುತ್ತಿದ್ದರು, ಆ ಗುರುತು ನನಗೆ — ಏನೆಂದು ಹೇಳಲಿ — ಕುಂಕುಮದಷ್ಟೇ ಬೇಕಾಗಿತ್ತು.

ಸುವರ್ಣಾ ತಿಕೋಟಾದವಳು. ದ್ರಾಕ್ಷಿ ತೋಟದ ಮನೆ. ಗಂಡ ತೋಟ ನೋಡಿದರೆ ಒಣದ್ರಾಕ್ಷಿಯ ವ್ಯಾಪಾರವೆಲ್ಲ ಅವಳದೇ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಡಾಕ್ಟರ ಮನೆಗೆ ಬಂದವಳು ಒಂದು ಸಂಜೆ ಅವರ ಜೊತೆ ಮೈದಾನಕ್ಕೂ ಬಂದು, ಸೆರಗು ಸಿಕ್ಕಿಸಿ, "ನಾನೂ ಒಂದ್ ಹೊಡದ್ ನೋಡ್ಲೇನ್ರಿ ಅಕ್ಕಾರ?" ಎಂದು ಕೇಳಿದಳು. ಕೋಲು ಕೊಟ್ಟೆ. ಅವಳು ಹಿಡಿದ ರೀತಿ ನೋಡಿ ನನಗೆ ಆಶ್ಚರ್ಯ. ಹೊಸಬರು ಕೋಲನ್ನು ಕೊಡಲಿಯಂತೆ ಬಿಗಿಯಾಗಿ ಹಿಡಿಯುತ್ತಾರೆ. ಅದನ್ನು ಬಿಡಿಸುವುದಕ್ಕೇ ತಿಂಗಳುಗಟ್ಟಲೆ ಬೇಕು. ಇವಳು ಹಗುರವಾಗಿ, ಆದರೆ ಜಾರದಂತೆ ಹಿಡಿದಿದ್ದಳು. ಯಾರು ಕಲಿಸಿದರು ಎಂದು ಕೇಳಿದರೆ ನಕ್ಕಳು. "ಯಾರೂ ಇಲ್ಲರಿ. ದ್ರಾಕ್ಷಿ ಗೊನಿ ಹಿಂಗ ಹಿಡಿತೇವಲ್ರಿ. ಬಿಗಿ ಹಿಡದ್ರ ಕಾಯಿ ಮ್ಯಾಲಿನ ಬಿಳಿ ಪುಡಿ ಅಳಸತೈತಿ, ಸಡ್ಲ ಬಿಟ್ರ ಗೊನಿ ಬೀಳತೈತಿ."

ಮೊದಲ ವರ್ಷ ನಾನು ಅವಳಿಗೆ ಸರಿಯಾಗಿಯೇ ಕಲಿಸಿದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಸರಿ ಯಾವುದೆಂದು ನನಗೆ ಗೊತ್ತಿತ್ತು ಎಂಬುದಕ್ಕೆ ಹೇಳುತ್ತಿದ್ದೇನೆ. ಮೊದಲು ಕುಳಿಯ ಹತ್ತಿರದ ಸಣ್ಣ ಹೊಡೆತ ಕಲಿ, ದೂರದ್ದು ಆಮೇಲೆ ಎಂದೆ. ಗರಸಿನ ನೆಲದ ಮೇಲೆ ನೇರ ಹೊಡೆಯಬೇಡ, ಚಾಪೆ ಹಾಸಿಕೋ, ಇಲ್ಲದಿದ್ದರೆ ಪೆಟ್ಟು ಮೊಣಕೈಗೆ ಬರುತ್ತದೆ ಎಂದೆ. ಪೂರ್ತಿ ಸೆಟ್ ಬೇಡ, ನಾಲ್ಕೈದು ಕೋಲು ಸಾಕು, ಆದರೆ ನಿನ್ನ ಎತ್ತರಕ್ಕೆ, ನಿನ್ನ ತೋಳಿಗೆ ಹೊಂದುವ ಹಗುರಾದ್ದು ತಗೋ ಎಂದೆ. ಸೊಲ್ಲಾಪುರ ರಸ್ತೆಯ ಆಟದ ಸಾಮಾನಿನ ಅಂಗಡಿಯವರಿಗೆ ಹೇಳಿ ಪುಣೆಯಿಂದ ತರಿಸಿಕೊಂಡಳು. ತಿಕೋಟಾದಿಂದ ವಾರಕ್ಕೆರಡು ಸಲ ಸ್ಕೂಟಿ ಮೇಲೆ ಬರುತ್ತಿದ್ದಳು. ಬರುವಾಗ ಒಣದ್ರಾಕ್ಷಿ, ಹೋಗುವಾಗ ನನ್ನ ಕೈಯ ಚಹಾ.

ಎರಡನೆಯ ವರ್ಷದ ಪಂದ್ಯಕ್ಕೆ ಅವಳೂ ಹೆಸರು ಕೊಟ್ಟಳು. ಪಂದ್ಯಕ್ಕೆ ಎರಡು ತಿಂಗಳಿದ್ದಾಗ, ನಮ್ಮ ಮೈದಾನದಲ್ಲೇ ಅವಳು ನನ್ನನ್ನು ಸೋಲಿಸಿದಳು. ನಾನು ಕೆಡಿಸಿದ್ದು ಅದಕ್ಕಲ್ಲ — ಸೋಲು ನನಗೆ ಹೊಸದಲ್ಲ. ಕೊನೆಯ ಕುಳಿಗೆ ಅವಳು ಹೊಡೆದ ಚೆಂಡು ಗಾಳಿಯಲ್ಲಿ ಏರಿ, ಸದ್ದಿಲ್ಲದೆ ಇಳಿದು, ಬಾವುಟದ ಬುಡದಲ್ಲಿ ನಿಂತಿತು. ನಮ್ಮ ಮನೆಯವರು ಕುರ್ಚಿಯಿಂದ ಎದ್ದು ನಿಂತರು. "ಈಕಿ ಕೈಯಾಗ ಆಟ ಐತಿ, ನಿರ್ಮಲಾ," ಎಂದರು. ಅಷ್ಟೇ. ಇಪ್ಪತ್ತೈದು ವರ್ಷ ಅವರ ಪಕ್ಕದಲ್ಲಿ ಆಡಿದ್ದೆ. ಆ ಮಾತನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕಿತ್ತೆಂದು ಆವರೆಗೆ ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ಅವರ ಮೊಣಕಾಲಿಗೆ ಆಪರೇಶನ್ ಆಯಿತು. ಮೈದಾನಕ್ಕೆ ಬರುವುದು ನಿಂತಿತು. ಸುವರ್ಣಾ ಮತ್ತು ನಾನು ಇಬ್ಬರೇ. ಆಗ ನಾನು ಅವಳ ಬಲಗೈ ಹಿಡಿದು, ಕೋಲಿನ ಅಡಿಗೆ ಹೊರಳಿಸಿ, ಬೆರಳುಗಳನ್ನು ಒತ್ತಿ ಹೇಳಿದೆ: "ಈ ಹಿಡಿತ ಹೊಲದಾಗ ನಡೀತೈತಿ ಸುವರ್ಣಾ, ದೊಡ್ಡ ಕ್ಲಬ್ಬಿನಾಗ ನಡೆಯಂಗಿಲ್ಲ. ಬಿಗಿ ಹಿಡಿ. ಇನ್ನೂ ಬಿಗಿ."

ಆ ಕ್ಷಣದಲ್ಲಿ ಕೆಡಿಸಬೇಕೆಂಬ ಯೋಚನೆ ಇತ್ತೇ? ಇರಲಿಲ್ಲ, ಸುಮ್ಮನೆ ಬಾಯಿಂದ ಬಂತು — ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇತ್ತು. ಕೈ ಹಾಗೆ ಹೊರಳಿಸಿದರೆ ಚೆಂಡು ಎಡಕ್ಕೆ ಮುರಿದುಕೊಂಡು ಹೋಗುತ್ತದೆ, ಬಿಗಿ ಹಿಡಿದರೆ ತೋಳಿನ ವೇಗ ಸಾಯುತ್ತದೆ ಎಂಬುದು ನನಗೆ ನನ್ನ ಹೆಸರಿನಷ್ಟೇ ಗೊತ್ತಿತ್ತು.

ಅಲ್ಲಿಗೇ ನಿಲ್ಲಿಸಲಿಲ್ಲ. ಅವಳ ಹಗುರಾದ ಕೋಲುಗಳನ್ನು ನೋಡಿ, "ಇವು ಮಕ್ಕಳ ಆಟಿಗಿ ಸಾಮಾನು" ಎಂದೆ. ಮನೆಯವರ ಹಳೆಯ ಉಕ್ಕಿನ ಸೆಟ್ಟನ್ನು ಚೀಲ ಸಮೇತ ಅವಳಿಗೆ ಕೊಟ್ಟೆ. ಆರಡಿ ಗಂಡಸಿಗೆ ಮಾಡಿದ್ದು, ಉದ್ದ, ಭಾರ, ಬಾಗದ ದಂಡ. ಅವಳು ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕಾಲು ಮುಟ್ಟಿದಳು. ನಾನು ತಲೆಯ ಮೇಲೆ ಕೈ ಇಟ್ಟೆ. ಇದನ್ನು ಬರೆಯುವಾಗ ಆ ಕೈಯನ್ನು — ಇರಲಿ.

ಸಣ್ಣ ಹೊಡೆತ ಬಿಡು, ದಿನಾ ದೊಡ್ಡದನ್ನೇ ಹೊಡಿ ಎಂದೆ. ಚಾಪೆ ತೆಗೆ, ಗಟ್ಟಿ ನೆಲದ ಮೇಲೆ ಹೊಡೆದರೆ ಕೈ ಗಟ್ಟಿಯಾಗುತ್ತದೆ ಎಂದೆ. ಹೇಳಿದ್ದನ್ನೆಲ್ಲ ಮಾಡಿದಳು. ತಿಕೋಟಾದ ತೋಟದ ಬದುವಿನಲ್ಲೂ ಮಾಡಿದಳು. ಚೆಂಡು ಎಡಕ್ಕೆ ಹೋಗತೊಡಗಿತು. "ತಪ್ಪು ನಂದ ಇರಬೇಕ್ರಿ," ಎನ್ನುತ್ತಿದ್ದಳು. "ರೂಢಿ ಆಗೂತನಕ ಹಂಗ," ಎನ್ನುತ್ತಿದ್ದೆ. ಪ್ರತಿ ಸಲ ಅವಳು ಬರುವ ಸ್ಕೂಟಿಯ ಸದ್ದು ಕೇಳಿದಾಗ ನನಗೆ ಅದೇ ಯೋಚನೆ. ಇವತ್ತು ಗೊತ್ತಾಗಿಬಿಟ್ಟರೆ? ಅಥವಾ ಇವತ್ತು ನಾನೇ ಹೇಳಿಬಿಟ್ಟರೆ?

ಹೇಳುವ ಅವಕಾಶ ಒಂದು ಬಂತು. ಪಂದ್ಯಕ್ಕೆ ಕೆಲವೇ ದಿನ ಇದ್ದಾಗ ಮನೆಯವರು ಊರುಗೋಲು ಹಿಡಿದು ಮೈದಾನಕ್ಕೆ ಬಂದರು. ಅವಳು ಹೊಡೆಯುವುದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅವಳು ಹೋದ ಮೇಲೆ ಕೇಳಿದರು: "ಆಕಿ ಕೈ ಹಿಂಗ ಇರಲಿಲ್ಲ. ಯಾರು ಹೇಳಿಕೊಟ್ರು ಇದನ್ನ?"

"ಮೊಬೈಲಿನ್ಯಾಗ ಏನರ ನೋಡಿರಬೇಕು," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಬಿಡಿಸು ಅದನ್ನ," ಎಂದರು. ಹೂಂ ಎಂದೆ. ಬಿಡಿಸಲಿಲ್ಲ.

ಪಂದ್ಯದ ದಿನ ಮೊದಲ ಹೊಡೆತಕ್ಕೇ ಅವಳ ಚೆಂಡು ನೆಲಕ್ಕೆ ತಾಗಿ ನಾಲ್ಕು ಮಾರು ಉರುಳಿತು. ಎರಡನೆಯದು ಎಡಕ್ಕೆ, ಗಿಡಗಳ ಒಳಗೆ. ಹಿಂದೆ ನಿಂತ ಹೆಂಗಸರಲ್ಲಿ ಯಾರೋ ನಕ್ಕರು. ಅರ್ಧಕ್ಕೇ ಅವಳು ಬಲ ಮೊಣಕೈ ಹಿಡಿದುಕೊಂಡು ಕೂತುಬಿಟ್ಟಳು. ಮರಳುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದವಳು ಒಮ್ಮೆ ಮಾತ್ರ ತಿರುಗಿದಳು. "ನೀವು ಎಷ್ಟ್ ಹೇಳಿಕೊಟ್ರೂ ನನ್ನ ಕೈಯಾಗ ಇಲ್ಲ ಬಿಡ್ರಿ ಅಕ್ಕಾರ. ನಿಮ್ಮ ಹೆಸರು ಕೆಡಿಸಿದೆ."

ನಾನು ಅವಳ ಬೆನ್ನು ಸವರಿದೆ. ಸಮಾಧಾನ ಹೇಳಿದೆ.

ಆಮೇಲೆ ಅವಳು ಆಡಲಿಲ್ಲ. ಮೊಣಕೈ ನೋವು ಮಾತ್ರ ಉಳಿಯಿತು. ಬಬಲೇಶ್ವರ ಅವಳ ತವರು. ಅಲ್ಲಿ ಅವಳ ತಮ್ಮನ ಮದುವೆಗೆ ನಮ್ಮನ್ನು ಕರೆದಿದ್ದಳು. ಊಟದ ಪಂಕ್ತಿಯಲ್ಲಿ ಬಡಿಸುತ್ತಾ ಬಂದವಳು, ನನ್ನ ಎದುರಿಗೆ ಬಂದಾಗ ಸೌಟನ್ನು ಎಡಗೈಗೆ ಬದಲಿಸಿದಳು. ಎಡಗೈಯಲ್ಲಿ ಬಡಿಸುವುದನ್ನು ಕೂತವರು ನೋಡಿದ್ದು ಕಂಡು, ನಾಚಿ, ಪಾತ್ರೆಯನ್ನೇ ಬೇರೆಯವಳ ಕೈಗೆ ಕೊಟ್ಟಳು. "ರೊಟ್ಟಿ ಬಡಿಯಾಕೂ ಬರವಲ್ದ್ರಿ," ಎಂದು ನಕ್ಕಳು. ಎಲೆ ಬಿಟ್ಟು ಏಳಬೇಕೆನಿಸಿತು. ಏಳಲಿಲ್ಲ. ಎದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ಹೀಗೆ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ಈ ವರ್ಷ ಅವಳ ಮಗಳು ಪಲ್ಲವಿ ಮೈದಾನಕ್ಕೆ ಬಂದಳು. ವಿಜಯಪುರದಲ್ಲೇ ಕಾಲೇಜು ಓದುತ್ತಾಳೆ. ಹೆಗಲ ಮೇಲೆ ಅದೇ ಭಾರದ ಚೀಲ. ಕೋಲು ತೆಗೆದು ನಿಂತಳು, ಬಲಗೈ ಅಡಿಗೆ ಹೊರಳಿಸಿ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ಮೊಣಕೈಗೆ ಪಟ್ಟಿ ಕಟ್ಟಿದ್ದಳು.

"ಹಂಗಲ್ಲವ್ವ, ಸಡ್ಲ ಬಿಡು," ಎಂದೆ.

"ಅವ್ವಗ ನೀವ ಹಿಂಗ ಕಲಿಸಿದ್ರಂತಲ್ರಿ ಆಂಟಿ? 'ಅಕ್ಕಾರ ಹೇಳಿದ್ದು ತಪ್ಪಿರಂಗಿಲ್ಲ, ನಂಗ ಬರಲಿಲ್ಲ, ನೀನರ ಬಿಡಬ್ಯಾಡ' ಅಂತ ಹೇಳ್ಯಾಳ್ರಿ."

"ಆಗಿನ ಪದ್ಧತಿ ಬ್ಯಾರೆ ಇತ್ತವ್ವ," ಎಂದುಬಿಟ್ಟೆ. ಇನ್ನೊಂದು ಸುಳ್ಳು. ಎಷ್ಟು ಸಲೀಸಾಗಿ ಬಂತು! ಹುಡುಗಿ ತಲೆಯಾಡಿಸಿ, ಹಿಡಿತ ಬಿಡದೆ, ಗರಸಿಗೆ ಮತ್ತೊಂದು ಪೆಟ್ಟು ಹೊಡೆದಳು. ಆ ಪೆಟ್ಟು ಅವಳ ಮೊಣಕೈಗೆ ಏರಿದ್ದು ನನ್ನ ಕಣ್ಣಿಗೆ ಕಾಣಿಸಿತು.

ಅವತ್ತು ಮನೆಗೆ ಬಂದು ಮೊದಲು ಮನೆಯವರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟರು. "ನನಗ ಅವತ್ತ ಸಂಶಯ ಬಂದಿತ್ತು," ಎಂದರು. "ಮತ್ತೊಮ್ಮೆ ಕೇಳಿದ್ರ ನೀ ಹೌದು ಅಂತಿದ್ದಿ. ಅದಕ್ಕ ಕೇಳಲಿಲ್ಲ." ತಿಕೋಟಾಕ್ಕೆ ಹೋಗಿ ಸುವರ್ಣಾಳಿಗೇ ಹೇಳುತ್ತೇನೆ ಎಂದೆ. "ನಾನೂ ಬರ್ಲೇನು?" ಎಂದರು. ಬೇಡ ಎಂದೆ.

ತಿಕೋಟಾದಲ್ಲಿ ಒಣದ್ರಾಕ್ಷಿಯ ಕಾಲ. ಶೆಡ್ಡಿನ ತುಂಬ ದ್ರಾಕ್ಷಿ ಒಣಹಾಕಿದ ಬಲೆಯ ಅಟ್ಟಗಳು, ಸಿಹಿಹುಳಿ ವಾಸನೆ. ಸುವರ್ಣಾ ಹೆಣ್ಣಾಳುಗಳನ್ನು ಆಚೆ ಕಳಿಸಿ ನನಗೆ ಸ್ಟೂಲು ಹಾಕಿದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತನ್ನೆಲ್ಲ ಬಿಟ್ಟೆ. "ನಿನಗ ನಾ ಬೇಕಂತ ತಪ್ಪ ಕಲಿಸಿದೆ, ಸುವರ್ಣಾ. ನೀ ನನಗಿಂತ ಚಲೋ ಆಡ್ತಿದ್ದಿ. ಅದಕ್ಕ," ಎಂದೆ. ಹಿಡಿತ, ಕೋಲು, ಚಾಪೆ, ಒಂದೊಂದನ್ನೂ ಬಿಡಿಸಿ ಹೇಳಿದೆ. ತಪ್ಪಾತು ಎಂದೆ.

ಅವಳು ತನ್ನ ಮೊಣಕೈ ನೋಡಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಅವತ್ತ ಎಲ್ಲಾರ ಮುಂದ ನಾ ಸೋತಾಗ ನಿಮಗ ಖುಷಿ ಆಗಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ಆ ಕ್ಷಣಕ್ಕೆ ಅದು ದಯೆಯಂತೆಯೂ ಕಾಣಿಸಿತು.

"ಆಗಿತ್ತು," ಎಂದೆ.

ಅವಳು ಎದ್ದಳು. ಹೊರಗೆ ಹೋಗುತ್ತಾಳೆ, ನನ್ನನ್ನೂ ಹೋಗು ಎನ್ನುತ್ತಾಳೆ ಎಂದುಕೊಂಡೆ. ಬಾಗಿಲಲ್ಲಿ ನಿಂತು ಕೂಗಿದಳು: "ಪಲ್ಲವಿ, ಇಲ್ಲಿ ಬಾ ಬೇ." ಮಗಳು ಬಂದ ಮೇಲೆ ನನ್ನ ಕಡೆ ತಿರುಗಿದಳು. "ನನಗ ಹೇಳಿದ್ದು ಈಕಿಗೂ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಹೇಳಿದೆ. ಪದ್ಧತಿ ಬೇರೆ ಇತ್ತು ಎಂದದ್ದೂ ಸುಳ್ಳು ಎಂದೆ. ಹುಡುಗಿ ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ: "ಹಂಗಾರ ನಾ ಈಗ ಹೆಂಗ ಹಿಡೀಬೇಕ್ರಿ?"

ಆ ಹುಡುಗಿಯ ಬೆರಳು ಮುಟ್ಟುವ ಹಕ್ಕು ನನಗಿದೆಯೇ? ಸುವರ್ಣಾಳ ಕಡೆ ನೋಡಿದೆ. ಅವಳ ಮುಖದಲ್ಲಿ ಕ್ಷಮೆ ಇರಲಿಲ್ಲ.

"ಹೇಳ್ರಿ," ಎಂದಳು. "ಈ ಸಲ ನಾ ಇಲ್ಲೇ ನಿಂತಿರ್ತೇನಿ."

ಈಗ ಪಲ್ಲವಿ ವಾರಕ್ಕೊಮ್ಮೆ ಅರಕೇರಿಗೆ ಬರುತ್ತಾಳೆ, ಸುವರ್ಣಾ ಜೊತೆಗೆ ಬರುತ್ತಾಳೆ. ಮಗಳಿಗೆ ಅವಳ ಎತ್ತರಕ್ಕೆ ಹೊಂದುವ ಕೋಲು ತರಿಸಿದ್ದಾಳೆ. ತಾನು ಆಡುವುದಿಲ್ಲ. ಕಟ್ಟೆಯ ಹತ್ತಿರ ಸೆರಗು ಹೊದ್ದು ನಿಂತು ನನ್ನ ಬಾಯನ್ನೇ ನೋಡುತ್ತಿರುತ್ತಾಳೆ. ಬಾಯಿಗೆ ಬಂದ ಪ್ರತಿ ಮಾತನ್ನೂ ಆಡುವ ಮುಂಚೆ ಒಂದು ಸಲ ಒಳಗೇ ತೂಗಿ ನೋಡುತ್ತೇನೆ — ಇದು ನಿಜವೇ, ಪೂರ್ತಿ ನಿಜವೇ? ಕ್ಷಮಿಸು ಎಂದು ಮತ್ತೆ ಕೇಳಿಲ್ಲ. ಮತ್ತೆ ಕೇಳಿದರೆ ಅದು ಕೇಳುವುದಲ್ಲ, ವಸೂಲಿ ಮಾಡುವುದು. ಅವಳು ಬಂದು ನಿಲ್ಲುವಷ್ಟು ದಿನ ಅವಳ ಕಣ್ಣೆದುರಿಗೇ ಕಲಿಸುತ್ತೇನೆ. ಬರುವುದು ಬಿಟ್ಟರೆ, ಅದಕ್ಕೂ ಕಾರಣ ನಾನೇ.